ಶರತ್ಕಾಲದ ಎಲೆ ಕಾಗದದ ಮೇಲೆ: ಅಚ್ಚು, ಶಾಯಿ ಮತ್ತು ಬಾಳುವ ಬಣ್ಣ

ಉತ್ತರ ಅಮೆರಿಕದಲ್ಲಿ ಸೆಪ್ಟೆಂಬರ್ ಕೊನೆಯ ವಾರದಿಂದ ನವೆಂಬರ್‌ವರೆಗಿನ ಅವಧಿಯು ಮರಗಳು ಬಣ್ಣ ಬದಲಿಸುವ ಕಾಲ. ಅದೇ ಅವಧಿಯಲ್ಲಿ ಅಲ್ಲಿನ ಅನೇಕ ಮನೆಗಳ ಊಟದ ಮೇಜಿನ ಮೇಲೆ ರಬ್ಬರ್ ಸ್ಟಾಂಪುಗಳು, ಶಾಯಿ ಪ್ಯಾಡುಗಳು ಹಾಗೂ ದಪ್ಪ ಕಾಗದಗಳು ಹರಡಿಕೊಳ್ಳುತ್ತವೆ. ಮೇಪಲ್ ಎಲೆ, ಓಕ್ ಎಲೆ, ಓಕ್ ಕಾಯಿ, ಕುಂಬಳಕಾಯಿ ಮುಂತಾದ ಅಚ್ಚುಗಳನ್ನು ಒತ್ತಿ ಶುಭಾಶಯ ಪತ್ರ, ಉಡುಗೊರೆಯ ಚೀಟಿ, ಅತಿಥಿಗಳ ಹೆಸರುಚೀಟಿ ಮತ್ತು ಪುಸ್ತಕದ ಗುರುತುಪಟ್ಟಿಗಳನ್ನು ತಯಾರಿಸಲಾಗುತ್ತದೆ. ಕೆನಡಾದಲ್ಲಿ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಹಾಗೂ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆಚರಿಸಲಾಗುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಈ ಕರಕುಶಲ ಚಟುವಟಿಕೆಗೆ ಮುಖ್ಯ ಸಂದರ್ಭ.

ಒಂದೇ ಅಚ್ಚಿನಿಂದ ಒತ್ತಿದ ನೂರು ಎಲೆಗಳ ಆಕಾರ ಒಂದೇ ಆಗಿರುತ್ತದೆ. ಆದರೆ ನಿಜವಾದ ಮರದಲ್ಲಿ ಎರಡು ಎಲೆಗಳು ಒಂದೇ ಬಣ್ಣಕ್ಕೆ ತಿರುಗುವುದಿಲ್ಲ. ಈ ಅಂತರವನ್ನು ತುಂಬುವ ಸಲುವಾಗಿಯೇ ನೀರು, ಉಪ್ಪು, ಮೇಣ, ಚಹಾ, ಬ್ಲೀಚ್, ಕ್ಷೌರದ ನೊರೆ ಮುಂತಾದ ಅನಿರೀಕ್ಷಿತ ವಸ್ತುಗಳು ಈ ಕಲೆಯೊಳಗೆ ಬಂದಿವೆ. ಇವುಗಳಲ್ಲಿ ಕೆಲವು ವಿಧಾನಗಳಿಂದ ಮೂಡಿದ ಬಣ್ಣ ದಶಕಗಳ ಕಾಲ ಉಳಿಯುತ್ತದೆ. ಕೆಲವು ಒಂದು ಬೇಸಿಗೆಯಲ್ಲೇ ಮಾಸುತ್ತವೆ. ಇನ್ನು ಕೆಲವು ಕಾಗದವನ್ನೇ ತಿನ್ನುತ್ತವೆ. ಕೈಯಾರೆ ಮಾಡಿದ ಪತ್ರವನ್ನು ಪಡೆದವರು ಜೋಪಾನವಾಗಿ ತೆಗೆದಿಡುವುದು ವಾಡಿಕೆ. ಆದ್ದರಿಂದ ಯಾವ ವಿಧಾನದ ಗುಣವೇನು ಎಂಬುದನ್ನು ಮೊದಲೇ ತಿಳಿದಿರುವುದು ಅಗತ್ಯ.

ಎರಡು ಶರತ್ಕಾಲಗಳು

ಭಾರತೀಯ ಪಂಚಾಂಗದ ಶರದೃತು ಆಶ್ವಯುಜ ಮತ್ತು ಕಾರ್ತಿಕ ಮಾಸಗಳದ್ದು. ಮಳೆ ಕಳೆದು ತಿಳಿಯಾದ ಆಕಾಶ, ಬೆಳದಿಂಗಳು ಅದರ ಲಕ್ಷಣ. ನಮ್ಮ ಕಾವ್ಯಗಳಲ್ಲಿ ಎಲೆ ಉದುರುವುದು ಶಿಶಿರದ ಮಾತು. ಉತ್ತರ ಅಮೆರಿಕ, ಯುರೋಪ್, ಜಪಾನ್‌ಗಳಂಥ ಸಮಶೀತೋಷ್ಣ ನಾಡುಗಳಲ್ಲಿ ಮಾತ್ರ ಈ ಎರಡೂ ಒಂದೇ ಋತುವಿನಲ್ಲಿ ಕೂಡಿಬರುತ್ತವೆ. ಹೀಗಾಗಿ ಅಲ್ಲಿನ ಶರತ್ಕಾಲದ ಪತ್ರಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಹಾಗೂ ಕಂದು ಬಣ್ಣಗಳೇ ಪ್ರಧಾನ.

ಈ ಬಣ್ಣಗಳಿಗೆ ಒಂದು ಕ್ರಮವಿದೆ. ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಎಲೆಯೊಳಗಿನ ಪತ್ರಹರಿತ್ತು ಒಡೆದುಹೋಗುತ್ತದೆ. ಅದುವರೆಗೆ ಹಸಿರಿನಡಿ ಮರೆಯಾಗಿದ್ದ ಕ್ಯಾರೊಟಿನಾಯ್ಡ್‌ಗಳು ಹಳದಿ ಹಾಗೂ ಕಿತ್ತಳೆ ಬಣ್ಣವಾಗಿ ಕಾಣಿಸಿಕೊಳ್ಳುತ್ತವೆ. ಮೇಪಲ್‌ನ ಕೆಲವು ಜಾತಿಗಳಲ್ಲಿ ಕಾಣುವ ಕೆಂಪಿಗೆ ಕಾರಣ ಆಂಥೋಸಯನಿನ್. ಅದು ಬಹುಪಾಲು ಶರತ್ಕಾಲದಲ್ಲೇ ಹೊಸದಾಗಿ ತಯಾರಾಗುವಂಥದ್ದು. ಬಿಸಿಲಿನ ಹಗಲು ಮತ್ತು ಹಿಮಗಟ್ಟದಷ್ಟು ತಂಪಾದ ರಾತ್ರಿಗಳಿದ್ದರೆ ಕೆಂಪು ಗಾಢವಾಗುತ್ತದೆ. ಓಕ್ ಎಲೆಯಲ್ಲಿ ಕೊನೆಗೆ ಉಳಿಯುವ ಕಂದಿಗೆ ಟ್ಯಾನಿನ್ ಕಾರಣ. ಪಳಗಿದ ಕುಶಲಕರ್ಮಿಗಳು ಕಾಗದದ ಮೇಲೂ ಇದೇ ಕ್ರಮವನ್ನು ಅನುಸರಿಸುತ್ತಾರೆ: ಮೊದಲು ಹಳದಿ, ಅದರ ಮೇಲೆ ಕಿತ್ತಳೆ, ಅಂಚಿನಲ್ಲಿ ಕೆಂಪು, ಕೊನೆಗೆ ಅಲ್ಲಲ್ಲಿ ಕಂದು. ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಸಾಗುವ ಈ ಕ್ರಮ ತಲೆಕೆಳಗಾದರೆ ಬಣ್ಣಗಳು ಬೆರೆತು ಕೆಸರಿನಂತಾಗುತ್ತವೆ.

ಎಲೆಯೇ ಅಚ್ಚಾದ ಇತಿಹಾಸ

ರಬ್ಬರ್ ಅಚ್ಚಿಗಿಂತ ಬಹಳ ಹಿಂದೆಯೇ ಎಲೆಯೇ ಅಚ್ಚಾಗಿ ಬಳಕೆಯಾಗಿತ್ತು. ಎಲೆಗೆ ಬಣ್ಣ ಬಳಿದು ಕಾಗದದ ಮೇಲೆ ಒತ್ತುವ ಈ ಪದ್ಧತಿಗೆ ನಿಸರ್ಗ ಮುದ್ರಣ ಎನ್ನಬಹುದು. ಇಟಲಿಯ ಮಿಲಾನ್ ನಗರದ ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿರುವ ಲಿಯೊನಾರ್ಡೊ ಡ ವಿಂಚಿಯ ಕೋಡೆಕ್ಸ್ ಅಟ್ಲಾಂಟಿಕಸ್ ಹಸ್ತಪ್ರತಿ ಸಂಗ್ರಹದಲ್ಲಿ ಸೇಜ್ ಗಿಡದ ಎಲೆಯ ಇಂಥದೊಂದು ಅಚ್ಚು ಇದೆ.

ಅಮೆರಿಕದಲ್ಲಿ ಈ ಪದ್ಧತಿ ಹಣಕಾಸಿನ ವ್ಯವಹಾರಕ್ಕೂ ನೆರವಾಯಿತು. ಫಿಲಡೆಲ್ಫಿಯಾದಲ್ಲಿ ಮುದ್ರಕರಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ 1730ರ ದಶಕದ ಕೊನೆಯಿಂದ ವಸಾಹತುಗಳ ಕಾಗದದ ಹಣದ ಮೇಲೆ ನಿಜವಾದ ಎಲೆಗಳ ಪಡಿಯಚ್ಚನ್ನು ಮುದ್ರಿಸಿದರು. ಎಲೆಯಿಂದ ಲೋಹದ ಅಚ್ಚು ತೆಗೆದು ಅದನ್ನು ನೋಟಿನ ಒಂದು ಬದಿಗೆ ಬಳಸಲಾಗುತ್ತಿತ್ತು. ಸೂಕ್ಷ್ಮವಾದ ನರಗಳ ಜಾಲವನ್ನು ಕೈಯಿಂದ ಕೆತ್ತಿ ನಕಲು ಮಾಡುವುದು ಖೋಟಾ ನೋಟು ತಯಾರಕರಿಗೆ ಕಷ್ಟಸಾಧ್ಯವಾಗಿತ್ತು. ಫ್ರಾಂಕ್ಲಿನ್‌ರ ಸ್ನೇಹಿತ ಜೋಸೆಫ್ ಬ್ರೈಂಟ್‌ನಲ್ ಅದೇ ದಶಕದಲ್ಲಿ ಎಲೆಗಳ ಅಚ್ಚುಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆದಿದ್ದರು.

ಈ ಇತಿಹಾಸದಲ್ಲಿ ಕರ್ನಾಟಕದ ಕರಾವಳಿಗೂ ಒಂದು ಸ್ಥಾನವಿದೆ. 1862ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಜೆ. ಹುನ್ಸಿಕರ್ ಅವರ ‘ನೇಚರ್ಸ್ ಸೆಲ್ಫ್‌ಪ್ರಿಂಟಿಂಗ್’ ಎಂಬ ಗ್ರಂಥ ಹೊರಬಂದಿತು. ದಕ್ಷಿಣ ಭಾರತದ ಉಪಯುಕ್ತ ಹಾಗೂ ಅಲಂಕಾರಿಕ ಸಸ್ಯಗಳ ತಾಜಾ ಮಾದರಿಗಳಿಂದಲೇ, ಅವುಗಳ ಸಹಜ ಬಣ್ಣಗಳನ್ನು ಹೋಲುವಂತೆ ಅಚ್ಚು ತೆಗೆದ ಸಂಗ್ರಹವದು. ಇಂದು ಎಲೆಯನ್ನು ಶಾಯಿಯಲ್ಲಿ ಅದ್ದಿ ಕಾಗದಕ್ಕೆ ಒತ್ತುವ ಶಾಲಾ ಬಾಲಕನೂ ಅದೇ ತತ್ತ್ವವನ್ನು ಅನುಸರಿಸುತ್ತಿರುತ್ತಾನೆ.

ರಬ್ಬರ್ ಅಚ್ಚಿನ ಆಗಮನ

ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ವಲ್ಕನೀಕರಣದ ಪೇಟೆಂಟ್ ಪಡೆದರು. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿಗೊಳಿಸುವ ಈ ವಿಧಾನದಿಂದಾಗಿ ಅಚ್ಚು ತಯಾರಿಸಬಲ್ಲ ರಬ್ಬರ್ ದೊರೆಯಿತು. 1860ರ ದಶಕದಲ್ಲಿ ರಬ್ಬರ್ ಸ್ಟಾಂಪು ಕಚೇರಿಗಳನ್ನು ಪ್ರವೇಶಿಸಿತು. ಕಚೇರಿಯ ಮೊಹರು ಕುಶಲಕಲೆಯ ಸಾಧನವಾಗಿ ಮನೆಮನೆಗೆ ಹರಡಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಮನೆಗಳಲ್ಲೇ ಪ್ರಾತ್ಯಕ್ಷಿಕೆ ನಡೆಸಿ ಅಚ್ಚುಗಳನ್ನು ಮಾರುವ ‘ಸ್ಟಾಂಪಿನ್ ಅಪ್’ ಸಂಸ್ಥೆ 1988ರಲ್ಲಿ ಆರಂಭವಾದದ್ದು ಇದೇ ಅವಧಿಯಲ್ಲಿ.

ಈಗ ಮುಖ್ಯವಾಗಿ ಎರಡು ಬಗೆಯ ಅಚ್ಚುಗಳಿವೆ. ಮರದ ಹಿಡಿಗೆ ಅಂಟಿಸಿದ ಕೆಂಪು ರಬ್ಬರ್ ಅಚ್ಚು ಬಾಳಿಕೆ ಹೆಚ್ಚಿನದು. ಬಿಸಿ ಹಾಗೂ ಬಹುತೇಕ ಶಾಯಿಗಳನ್ನು ತಾಳಿಕೊಳ್ಳುತ್ತದೆ. ಪಾರದರ್ಶಕ ಪಾಲಿಮರ್ ಅಚ್ಚನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿ ಬಳಸಲಾಗುತ್ತದೆ. ಅದರ ಮೂಲಕ ಕಾಗದ ಕಾಣುವುದರಿಂದ ಎಲೆಯನ್ನು ಬೇಕಾದ ಸ್ಥಳದಲ್ಲಿ ನಿಖರವಾಗಿ ಒತ್ತಬಹುದು. ಆದರೆ ಪಾಲಿಮರ್ ಅಚ್ಚು ಬಿಸಿಲಿಗೆ ಹಳದಿಗಟ್ಟುತ್ತದೆ. ದ್ರಾವಕ ಆಧಾರಿತ ಶಾಯಿಯಿಂದ ಹಾಳಾಗುವ ಸಂಭವವೂ ಇದೆ.

ಶಾಯಿ ಮತ್ತು ಕಾಗದದ ಆಯ್ಕೆ

ಅಪರೂಪದ ವಿಧಾನಗಳೆಲ್ಲ ಒಂದು ಸರಳ ಭೇದದ ಮೇಲೆ ನಿಂತಿವೆ. ಡೈ ಶಾಯಿಯಲ್ಲಿ ಬಣ್ಣವು ನೀರಿನಲ್ಲಿ ಪೂರ್ಣವಾಗಿ ಕರಗಿರುತ್ತದೆ. ಅದು ಕಾಗದದ ನಾರಿನೊಳಗೆ ಇಳಿದು ಬೇಗ ಒಣಗುತ್ತದೆ, ನೀರು ತಾಕಿದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಕರಗದೆ ತೇಲುತ್ತಿರುತ್ತವೆ. ಅವು ಕಾಗದದ ಮೇಲ್ಮೈಯಲ್ಲೇ ನಿಲ್ಲುತ್ತವೆ, ನಿಧಾನವಾಗಿ ಒಣಗುತ್ತವೆ ಮತ್ತು ಸಾಮಾನ್ಯವಾಗಿ ಬೆಳಕನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತವೆ. ಮೂರನೆಯದು ಆಲ್ಕೊಹಾಲ್ ಶಾಯಿ. ಇದು ಕಾಗದದೊಳಗೆ ಇಂಗಲು ಅವಕಾಶವಿಲ್ಲದ ನುಣುಪು ಮೇಲ್ಮೈಯಲ್ಲಿ ಮಾತ್ರ ತನ್ನ ಅಂದವನ್ನು ತೋರುತ್ತದೆ.

ಕಾಗದದ ವಿಚಾರದಲ್ಲಿ 200ರಿಂದ 300 ಜಿಎಸ್‌ಎಂ ದಪ್ಪ ಸೂಕ್ತ. ನೀರು ಬಳಸುವ ವಿಧಾನಗಳಿಗೆ ಜಲವರ್ಣದ ಕಾಗದವೇ ಬೇಕು, ತೆಳುಕಾಗದ ಸುಕ್ಕುಗಟ್ಟುತ್ತದೆ. ಅಮೆರಿಕದಲ್ಲಿ ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಉದ್ದದ ಹಾಳೆಯನ್ನು ಎರಡಾಗಿ ಕತ್ತರಿಸಿ, ಪ್ರತಿ ತುಂಡನ್ನು ಮಡಿಸಿ ಪತ್ರ ಮಾಡುವುದು ರೂಢಿ. ಭಾರತದಲ್ಲಿ ದೊರೆಯುವ ಎ4 ಹಾಳೆಯನ್ನು ಇದೇ ರೀತಿ ಕತ್ತರಿಸಿ ಮಡಿಸಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಉದ್ದದ ಪತ್ರ ಸಿದ್ಧವಾಗುತ್ತದೆ.

ನೀರಿನಿಂದ ಬಣ್ಣ

ಅತ್ಯಂತ ಸುಲಭವಾದ ವಿಧಾನದಲ್ಲಿ ನೀರಿನಲ್ಲಿ ಕರಗುವ ಸ್ಕೆಚ್ ಪೆನ್ನುಗಳಿಂದ ಅಚ್ಚಿನ ಮೇಲೆಯೇ ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಬಳಿಯಲಾಗುತ್ತದೆ. ಬಳಿಕ ತೆಳುವಾಗಿ ನೀರು ಸಿಂಪಡಿಸಿ ಒತ್ತಿದರೆ ಬಣ್ಣಗಳು ಅಂಚಿನಲ್ಲಿ ಒಂದರೊಳಗೊಂದು ಹರಿದು ಜಲವರ್ಣದಂತೆ ಕಾಣುತ್ತವೆ. ನೀರು ಹೆಚ್ಚಾದರೆ ಎಲೆಯ ನರಗಳು ಮುಚ್ಚಿಹೋಗುತ್ತವೆ. ಒಂದೆರಡು ಸಿಂಪಡಿಕೆ ಸಾಕು.

ಎರಡನೆಯದು ಒದ್ದೆ ಟಿಶ್ಯೂ ವಿಧಾನ. ಮಗುವಿನ ಮೈ ಒರೆಸಲು ಬಳಸುವ ಒದ್ದೆ ಟಿಶ್ಯೂವನ್ನು ಮಡಿಸಿ ತಟ್ಟೆಯಲ್ಲಿಟ್ಟು, ಅದರ ಮೇಲೆ ಮೂರ್ನಾಲ್ಕು ಬಣ್ಣದ ಡೈ ಶಾಯಿಯ ಹನಿಗಳನ್ನು ಅಕ್ಕಪಕ್ಕ ಬಿಡಲಾಗುತ್ತದೆ. ಇದೇ ತಾತ್ಕಾಲಿಕ ಶಾಯಿ ಪ್ಯಾಡು. ಪ್ರತಿ ಬಾರಿ ಅಚ್ಚನ್ನು ಬೇರೆ ಕೋನದಲ್ಲಿ ಒತ್ತಿದರೆ ಪ್ರತಿ ಎಲೆಯೂ ಬೇರೆ ಬಣ್ಣದ ಹೊಂದಾಣಿಕೆಯನ್ನು ಪಡೆಯುತ್ತದೆ.

ಉಪ್ಪಿನ ವಿಧಾನವು ಹಿನ್ನೆಲೆಗೆ ಉಪಯುಕ್ತ. ಜಲವರ್ಣವನ್ನು ಬಳಿದು ಅದು ಇನ್ನೂ ಹಸಿಯಾಗಿರುವಾಗಲೇ ಕಲ್ಲುಪ್ಪನ್ನು ಉದುರಿಸಲಾಗುತ್ತದೆ. ಹರಳುಗಳು ಸುತ್ತಲಿನ ನೀರನ್ನು ಎಳೆದುಕೊಳ್ಳುವಾಗ ಬಣ್ಣವೂ ಸರಿದು, ನಕ್ಷತ್ರದಂಥ ತಿಳಿಚುಕ್ಕಿಗಳು ಉಳಿಯುತ್ತವೆ. ಪೂರ್ಣ ಒಣಗಿದ ಮೇಲೆ ಉಪ್ಪನ್ನು ಒಂದು ಕಣವೂ ಉಳಿಯದಂತೆ ಉಜ್ಜಿ ತೆಗೆಯಬೇಕು. ಉಳಿದ ಉಪ್ಪು ಮಳೆಗಾಲದಲ್ಲಿ ತೇವವನ್ನು ಹೀರಿ ಕಾಗದವನ್ನು ಕೆಡಿಸುತ್ತದೆ. ಉಪ್ಪಿನ ಬದಲು ಸುಕ್ಕುಗಟ್ಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹಸಿಬಣ್ಣದ ಮೇಲೆ ಹೊದಿಸಿ ಒಣಗಲು ಬಿಟ್ಟರೆ ಎಲೆಯ ನರಗಳನ್ನು ಹೋಲುವ ಗೆರೆಗಳು ಮೂಡುತ್ತವೆ.

ತಡೆಯ ವಿಧಾನಗಳು

ಬಣ್ಣ ತಾಗಬಾರದ ಕಡೆ ತಡೆಯೊಡ್ಡುವುದು ಬಾಟಿಕ್ ಬಟ್ಟೆಯ ತತ್ತ್ವ. ಕಾಗದದಲ್ಲಿ ಇದಕ್ಕೆ ಎಂಬಾಸಿಂಗ್ ಪುಡಿ ಬಳಕೆಯಾಗುತ್ತದೆ. ನಿಧಾನವಾಗಿ ಒಣಗುವ ಶಾಯಿಯಿಂದ ಎಲೆಯನ್ನು ಒತ್ತಿ, ಅದು ಹಸಿಯಿರುವಾಗಲೇ ಪಾರದರ್ಶಕ ರಾಳದ ಪುಡಿಯನ್ನು ಉದುರಿಸಿ, ಉಳಿದ ಪುಡಿಯನ್ನು ಕೊಡವಿ, ಬಿಸಿಗಾಳಿಯ ಉಪಕರಣದಿಂದ ಕಾಯಿಸಲಾಗುತ್ತದೆ. ಪುಡಿ ಕರಗಿ ಉಬ್ಬಿದ ಹೊಳಪು ಗೆರೆಯಾಗುತ್ತದೆ. ಅನಂತರ ಮೇಲಿನಿಂದ ಯಾವುದೇ ಡೈ ಶಾಯಿ ಬಳಿದರೂ ಗೆರೆಯ ಮೇಲೆ ಅದು ನಿಲ್ಲುವುದಿಲ್ಲ. ಮೊದಲೇ ಹಳದಿ-ಕೆಂಪು ಬಣ್ಣ ಬಳಿದ ಕಾಗದದ ಮೇಲೆ ಈ ಕ್ರಮ ಅನುಸರಿಸಿ, ಕೊನೆಗೆ ಗಾಢ ಕಂದು ಅಥವಾ ಕಪ್ಪು ಶಾಯಿಯನ್ನು ರೋಲರ್‌ನಿಂದ ಹರಡಿದರೆ ಕತ್ತಲೆಯ ನಡುವೆ ಬಣ್ಣದ ಎಲೆಗಳು ಬೆಳಗುತ್ತವೆ. ತಲೆಕೂದಲು ಒಣಗಿಸುವ ಯಂತ್ರ ಇದಕ್ಕೆ ಒಗ್ಗುವುದಿಲ್ಲ; ಅದರ ಗಾಳಿಯ ರಭಸಕ್ಕೆ ಪುಡಿ ಹಾರಿಹೋಗುತ್ತದೆ, ಶಾಖವೂ ಸಾಲದು.

ಉಪಕರಣವಿಲ್ಲದವರಿಗೆ ಮೇಣದ ಕಾಗದವಿದೆ. ಮೇಣದ ಕಾಗದವನ್ನು ಮುದುಡಿ ಬಿಡಿಸಿ, ನುಣುಪು ಕಾರ್ಡಿನ ಮೇಲಿಟ್ಟು, ಮೇಲೊಂದು ಸಾದಾ ಹಾಳೆ ಹೊದಿಸಿ ಇಸ್ತ್ರಿ ಮಾಡಿದರೆ ಮುದುಡಿದ ಗೆರೆಗಳಲ್ಲಿ ಮೇಣ ಕಾರ್ಡಿಗೆ ಇಳಿಯುತ್ತದೆ. ಬಣ್ಣ ಬಳಿದಾಗ ಆ ಗೆರೆಗಳು ಬಿಳಿಯಾಗಿ ಉಳಿದು ಒಣಗಿದ ಎಲೆಯ ನರಜಾಲದಂತೆ ತೋರುತ್ತವೆ.

ತೇಲುವ ಬಣ್ಣ: ಕ್ಯೋಟೊದಿಂದ ವಿಜಯಪುರದವರೆಗೆ

ದ್ರವದ ಮೇಲೆ ಬಣ್ಣ ತೇಲಿಸಿ ಅದನ್ನು ಕಾಗದಕ್ಕೆ ಇಳಿಸಿಕೊಳ್ಳುವ ವಿಧಾನಕ್ಕೆ ದೀರ್ಘ ಇತಿಹಾಸವಿದೆ. ಜಪಾನಿನ ಸುಮಿನಾಗಾಶಿ ಪದ್ಧತಿಯಲ್ಲಿ ಸಾದಾ ನೀರಿನ ಮೇಲೆ ಶಾಯಿಯನ್ನು ತೇಲಿಸಲಾಗುತ್ತದೆ. ಕ್ಯೋಟೊ ನಗರದ ನಿಶಿ ಹೊಂಗಾನ್‌ಜಿ ದೇವಾಲಯದ, 12ನೇ ಶತಮಾನದ ಕವಿತಾ ಸಂಕಲನದ ಹಸ್ತಪ್ರತಿಯಲ್ಲಿ ಇಂಥ ಕಾಗದ ಬಳಕೆಯಾಗಿದೆ. ತುರ್ಕಿಯ ಎಬ್ರು ಪದ್ಧತಿಯಲ್ಲಿ ನೀರಿಗೆ ಅಂಟು ಬೆರೆಸಿ ಮಂದಗೊಳಿಸಲಾಗುತ್ತದೆ. ಎಬ್ರು ಕಲೆಯನ್ನು ಯುನೆಸ್ಕೊ 2014ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಕನ್ನಡ ನಾಡಿನಲ್ಲೂ ಈ ಕಲೆ ಉನ್ನತ ಮಟ್ಟಕ್ಕೇರಿತ್ತು ಎಂಬುದು ಗಮನಾರ್ಹ. ಹದಿನೇಳನೆಯ ಶತಮಾನದಲ್ಲಿ ಆದಿಲ್‌ಶಾಹಿಗಳ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಕಲಾವಿದರು ತೇಲುಬಣ್ಣವನ್ನು ಹಾಳೆಯ ಅಲಂಕಾರಕ್ಕೆ ಮಾತ್ರ ಸೀಮಿತಗೊಳಿಸದೆ ಚಿತ್ರರಚನೆಗೇ ಬಳಸಿಕೊಂಡರು. ಚಿತ್ರದ ಬೇಡದ ಭಾಗಕ್ಕೆ ತಡೆಯೊಡ್ಡಿ ಉಳಿದ ಭಾಗವನ್ನು ತೇಲುಬಣ್ಣಕ್ಕೆ ತಾಗಿಸುವುದು ಅವರ ಕ್ರಮ. ಬಡಕಲು ಕುದುರೆ ಮತ್ತು ಸವಾರನ ಅಂಥದೊಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಇಂದಿನ ಮನೆಗಳಲ್ಲಿ ಇದರ ಸರಳ ರೂಪ ಕ್ಷೌರದ ನೊರೆ. ತಟ್ಟೆಯಲ್ಲಿ ನೊರೆಯನ್ನು ಒಂದು ಅಂಗುಲ ದಪ್ಪಕ್ಕೆ ಹರಡಿ, ಶಾಯಿಯ ಹನಿಗಳನ್ನು ಬಿಟ್ಟು, ಕಡ್ಡಿಯಿಂದ ಎಳೆದು, ಕಾರ್ಡನ್ನು ಮೇಲಿಟ್ಟು ಮೃದುವಾಗಿ ಒತ್ತಬೇಕು. ಕಾರ್ಡನ್ನೆತ್ತಿ ನೊರೆಯನ್ನು ಹಳೆಯ ಸ್ಕೇಲಿನಿಂದ ಹೆರೆದರೆ ಬಣ್ಣದ ಅಲೆಗಳು ಕಾಣುತ್ತವೆ. ಒಣಗಿದ ಮೇಲೆ ಅದರ ಮೇಲೆ ಎಲೆಯ ಅಚ್ಚನ್ನು ಒತ್ತಬಹುದು. ನೊರೆಯಲ್ಲಿನ ಸಾಬೂನು ಮತ್ತು ಸುಗಂಧದ ಅಂಶ ಕಾಗದದಲ್ಲಿ ಸ್ವಲ್ಪ ಉಳಿಯುತ್ತದೆ ಎಂಬುದು ಈ ವಿಧಾನದ ಕೊರತೆ.

ಆಲ್ಕೊಹಾಲ್ ಶಾಯಿಯನ್ನು ನುಣುಪು ಕಾರ್ಡಿನ ಮೇಲೆ ಫೆಲ್ಟ್ ತುಂಡಿನಿಂದ ತಟ್ಟಿದರೂ ಅಮೃತಶಿಲೆಯಂಥ ಹಿನ್ನೆಲೆ ದೊರೆಯುತ್ತದೆ. ಈ ಶಾಯಿ ಬೇಗ ಬೆಂಕಿ ಹಿಡಿಯುವಂಥದ್ದು. ಒಲೆ, ದೀಪ ಮತ್ತು ಬಿಸಿಗಾಳಿ ಉಪಕರಣಗಳನ್ನು ದೂರವಿಡಬೇಕು.

ಬಣ್ಣ ತೆಗೆಯುವ ವಿಧಾನ

ಬಣ್ಣ ಹಚ್ಚುವ ಬದಲು ಇರುವ ಬಣ್ಣವನ್ನು ತೆಗೆಯುವುದೂ ಒಂದು ಕ್ರಮ. ಗಾಢ ಬಣ್ಣದ ಕಾಗದದ ಮೇಲೆ ಎಲೆಯ ಅಚ್ಚೊತ್ತಿ, ಬಟ್ಟೆ ಬಿಳುಪಾಗಿಸುವ ದ್ರವವನ್ನು ನೀರಿನಲ್ಲಿ ತೆಳುಗೊಳಿಸಿ ಕುಂಚದಿಂದ ಎಲೆಯೊಳಗೆ ಬಳಿದರೆ ಕಾಗದದ ಬಣ್ಣ ಅಷ್ಟರಮಟ್ಟಿಗೆ ಮಾಯವಾಗುತ್ತದೆ. ದ್ರವದಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಡೈ ಅಣುಗಳನ್ನು ಒಡೆಯುವುದೇ ಇದಕ್ಕೆ ಕಾರಣ. ಕಂದು ಕಾಗದ ಕಿತ್ತಳೆಗೋ ಕಪ್ಪು ಕಾಗದ ತುಕ್ಕಿನ ಬಣ್ಣಕ್ಕೋ ತಿರುಗುವುದುಂಟು. ಪ್ರತಿ ಕಾಗದದ ಫಲಿತಾಂಶ ಬೇರೆ.

ಈ ವಿಧಾನ ಮಕ್ಕಳಿಗೆ ಸಲ್ಲದು. ಬ್ಲೀಚನ್ನು ವಿನೆಗರ್, ನಿಂಬೆರಸ ಅಥವಾ ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಅಮೋನಿಯ ಇರುವ ದ್ರವಗಳೊಂದಿಗೆ ಬೆರೆತರೂ ಅಪಾಯಕಾರಿ ಅನಿಲ ಉಂಟಾಗುತ್ತದೆ. ಕಿಟಕಿ ತೆರೆದಿಟ್ಟು, ಕೈಗವಸು ಧರಿಸಿ, ಕೃತಕ ನೂಲಿನ ಕುಂಚ ಬಳಸಿ ಕೆಲಸ ಮಾಡಬೇಕು. ಬ್ಲೀಚ್ ಬಣ್ಣವನ್ನಷ್ಟೇ ಅಲ್ಲ, ಕಾಗದದ ನಾರನ್ನೂ ದುರ್ಬಲಗೊಳಿಸುತ್ತದೆ. ಇಂಥ ಪತ್ರ ಕಾಲಕ್ರಮದಲ್ಲಿ ಆ ಭಾಗದಲ್ಲಿ ಪುಡಿಯಾಗಬಹುದು.

ಬಣ್ಣದ ಬಾಳಿಕೆ

ಚಹಾ ಮತ್ತು ಕಾಫಿಯ ಕಲೆಯಿಂದ ಕಾಗದಕ್ಕೆ ಹಳೆಯ ಕಾಲದ ಛಾಯೆ ಕೊಡುವುದು ಶರತ್ಕಾಲದ ಪತ್ರಗಳಲ್ಲಿ ಜನಪ್ರಿಯ. ಆದರೆ ಎರಡೂ ಆಮ್ಲೀಯ. ಆಮ್ಲ ಉಳಿದ ಕಾಗದ ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗಿ ಮುರುಕಲಾಗುತ್ತದೆ. ಚಹಾದ ಟ್ಯಾನಿನ್‌ಗೆ ಕಬ್ಬಿಣದ ಅಂಶ ಸೇರಿಸಿ ಕಪ್ಪು ತರಿಸುವ ಕ್ರಮದಲ್ಲಿ ಅಪಾಯ ಇನ್ನೂ ಹೆಚ್ಚು. ಇದೇ ರಾಸಾಯನಿಕ ಕ್ರಿಯೆಯ ಶಾಯಿಯಿಂದ ಬರೆದ ಯುರೋಪಿನ ಅನೇಕ ಹಳೆಯ ದಾಖಲೆಗಳಲ್ಲಿ ಅಕ್ಷರವಿದ್ದ ಜಾಗ ತೂತುಬಿದ್ದಿದೆ. ನಿಜವಾದ ಹೂವು, ಎಲೆಗಳನ್ನು ಸುತ್ತಿಗೆಯಿಂದ ಜಜ್ಜಿ ಅವುಗಳ ರಸವನ್ನೇ ಕಾಗದಕ್ಕಿಳಿಸಿದ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ.

ಬಣ್ಣಗಳ ಬೆಳಕುತಾಳಿಕೆಯನ್ನು ಅಳೆಯಲು ಉದ್ಯಮದಲ್ಲಿ ನೀಲಿ ಉಣ್ಣೆಯ ಮಾಪನ ಬಳಕೆಯಲ್ಲಿದೆ. ಅದರಲ್ಲಿ 1 ಎಂದರೆ ಅತಿ ಬೇಗ ಮಾಸುವ ಬಣ್ಣ, 8 ಎಂದರೆ ಅತಿ ಹೆಚ್ಚು ತಾಳುವ ಬಣ್ಣ. ಮನೆಯಲ್ಲೂ ಸರಳ ಪರೀಕ್ಷೆ ಸಾಧ್ಯ. ಬಳಸಬೇಕೆಂದಿರುವ ಶಾಯಿಗಳನ್ನು ಒಂದು ಪಟ್ಟಿಯ ಮೇಲೆ ಬಳಿದು, ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿಡಬೇಕು. ತೆರೆದು ನೋಡಿದಾಗ ಎರಡು ಭಾಗಗಳ ಅಂತರವೇ ಉತ್ತರ ಹೇಳುತ್ತದೆ.

ಉಳಿಯಬೇಕಾದ ಪತ್ರಕ್ಕೆ ಆಮ್ಲರಹಿತ ಕಾಗದ ಮತ್ತು ಪಿಗ್ಮೆಂಟ್ ಶಾಯಿ ಬಳಸುವುದು ಒಳಿತು. ನೀರಿನ ಆಟವಾಡಿಸುವ ಡೈ ಶಾಯಿಯ ಪತ್ರವನ್ನು ಗೋಡೆಗೆ ತೂಗುಹಾಕದೆ ಲಕೋಟೆ ಅಥವಾ ಆಲ್ಬಂನಲ್ಲಿಟ್ಟರೆ ಅದೂ ಬಹುಕಾಲ ಬಾಳುತ್ತದೆ. ಬ್ಲೀಚ್, ಚಹಾ, ಕಾಫಿಗಳನ್ನು ಹಬ್ಬ ಮುಗಿದ ಮೇಲೆ ಎಸೆಯುವ ಹೆಸರುಚೀಟಿಗೋ ಉಡುಗೊರೆ ಚೀಟಿಗೋ ಮೀಸಲಿಡುವುದು ವಿವೇಕ.

ಇಲ್ಲಿನ ಎಲೆ, ಇಲ್ಲಿನ ಹಬ್ಬ

ದಸರಾ ಮತ್ತು ದೀಪಾವಳಿ ಹಬ್ಬಗಳು ಬರುವುದೂ ಅಮೆರಿಕದ ಮರಗಳು ಬಣ್ಣ ಬದಲಿಸುವ ಇದೇ ತಿಂಗಳುಗಳಲ್ಲಿ. ವಿಜಯದಶಮಿಯಂದು ಬನ್ನಿ ಎಲೆಯನ್ನು ಬಂಗಾರವೆಂದು ಪರಸ್ಪರ ಕೊಟ್ಟು ಹಾರೈಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಜೀವಂತವಾಗಿದೆ. ಎಲೆಯನ್ನು ಶುಭಾಶಯವಾಗಿ ಕೊಡುವುದು ಈ ನಾಡಿಗೆ ಹೊಸದಲ್ಲ. ಬನ್ನಿಯ ಕಡ್ಡಿಯನ್ನೇ ಅಚ್ಚಾಗಿಸಿ ಹೊಂಬಣ್ಣದ ಪಿಗ್ಮೆಂಟ್ ಶಾಯಿಯಿಂದ ಒತ್ತಿದ ಪತ್ರ ದೂರದೂರಿನ ಬಂಧುಗಳಿಗೆ ತಲುಪಿಸಲು ಅನುಕೂಲ.

ಮೇಪಲ್ ಅಚ್ಚು ಸಿಗದವರು ಚಿಂತಿಸಬೇಕಿಲ್ಲ. ಬೆಂಗಳೂರು, ಮೈಸೂರುಗಳ ರಸ್ತೆಬದಿಯ ಕಾಡುಬಾದಾಮಿಯ ಎಲೆ ಉದುರುವ ಮುನ್ನ ಕೆಂಪೇರುತ್ತದೆ. ಅರಳಿ ಎಲೆಯ ನರಜಾಲ ಅಚ್ಚಿಗೆ ಹೇಳಿ ಮಾಡಿಸಿದಂತಿದೆ. ಎಲೆಯನ್ನು ಒಂದು ದಿನ ದಪ್ಪ ಪುಸ್ತಕದ ನಡುವೆ ಒತ್ತಿಟ್ಟು, ನರಗಳು ಉಬ್ಬಿರುವ ಹಿಂಬದಿಗೆ ಶಾಯಿಯನ್ನು ತೆಳುವಾಗಿ ತಟ್ಟಬೇಕು. ಮೇಲೆ ಕಾಗದವಿಟ್ಟು ಬೆರಳಿನಿಂದ ತೊಟ್ಟಿನ ಕಡೆಯಿಂದ ತುದಿಯ ಕಡೆಗೆ ಉಜ್ಜಿದರೆ ಅಚ್ಚು ಸಿದ್ಧ. ಮೊದಲ ಅಚ್ಚು ಸಾಮಾನ್ಯವಾಗಿ ಶಾಯಿ ಹೆಚ್ಚಾಗಿ ಮಸುಕಾಗಿರುತ್ತದೆ. ಮತ್ತೆ ಶಾಯಿ ಹಚ್ಚದೆ ತೆಗೆದ ಎರಡನೆಯ ಅಚ್ಚಿನಲ್ಲಿ ನರಗಳು ಸ್ಪಷ್ಟವಾಗಿ ಮೂಡುತ್ತವೆ. ಒಂದು ಎಲೆಯಿಂದ ಹಲವು ಅಚ್ಚುಗಳನ್ನು ತೆಗೆಯಬಹುದು. ಎಲೆ ಹರಿದಾಗ ಇನ್ನೊಂದು ಎಲೆಗಾಗಿ ಮರದ ಬುಡಕ್ಕೆ ಹೋದರಾಯಿತು.